ನಡುವಿನ ವರ್ಷಗಳಿಗೆ ಯಾವ ಹರಕೆ?

ಹುಬ್ಬಳ್ಳಿಯಿಂದ ಸೊಲ್ಲಾಪುರದ ರಸ್ತೆ ಹಿಡಿದು ಕುಸುಗಲ್ಲ ದಾಟಿದರೆ ಎರೆಹೊಲ ಶುರು. ಆಮೇಲೆ ಕಣ್ಣಿಗೆ ತಡೆಯೇ ಇಲ್ಲ. ಕಡಲೆ ಕಿತ್ತು ಮುಗಿದಿತ್ತು, ಬಿಳಿಜೋಳದ ಕಣಿಕೆ ಬಣವೆಯಾಗಿ ನಿಂತಿತ್ತು. ಬಿಸಿಲಿಗೆ ಬಾಯಿಬಿಟ್ಟ ಕರಿನೆಲದ ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಸಬಹುದಿತ್ತು. ಇಷ್ಟು ದೊಡ್ಡ ಆಕಾಶವನ್ನು ನಾನು ಕಡಲ ದಂಡೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಬಸ್ಸಿನ ತುಂಬ ತೆಂಗಿನಕಾಯಿ ಚೀಲ, ಮಲ್ಲಿಗೆ, ಮಡಿಲಲ್ಲಿ ನಿದ್ದೆಹೋದ ಮಕ್ಕಳು. ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು, ಎಲ್ಲರೂ ಹೊರಟದ್ದು ನವಲಗುಂದದ ರಾಮಲಿಂಗ ಕಾಮಣ್ಣನ ಹತ್ತಿರ.

ಶಿವನ ಹಣೆಗಣ್ಣಿಗೆ ಸುಟ್ಟುಹೋದವನು ಕಾಮ. ರತಿಯ ಗೋಳಿಗೆ ಕರಗಿ ಶಿವ ಅವನಿಗೆ ಮೈಯಿಲ್ಲದ ಬದುಕು ಕೊಟ್ಟ. ಬೇರೆ ಊರುಗಳಲ್ಲಿ ಕಾಮಣ್ಣನನ್ನು ಕೂರಿಸುವುದು ಸುಡುವುದಕ್ಕೆ, ನವಲಗುಂದದಲ್ಲಿ ಅವನು ಬೇಡಿದ್ದು ಕೊಡುವ ದೇವರು. ಮದುವೆ ಕೂಡಿಬರದವರು ಬಾಸಿಂಗ ಒಪ್ಪಿಸುತ್ತಾರೆ, ಮಕ್ಕಳಿಲ್ಲದವರು ಬೆಳ್ಳಿಯ ತೊಟ್ಟಿಲು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಅಣ್ಣಿಗೇರಿ ಕಡೆಯ ತಾಯಿ ಮಗನ ಮದುವೆಗೆ ಬೇಡಿಕೊಂಡಿದ್ದರು, ಅದು ಆಯಿತು. ಈಗ ಹರಕೆ ತೀರಿಸಲು ಬಂದಿದ್ದರು, ಜೊತೆಗೆ ಮೊಮ್ಮಗುವಿಗಾಗಿ ಹೊಸ ಹರಕೆ ಹೊರಲು.

ನಾನು ಊರಿಂದ ಹೊತ್ತು ತಂದಿದ್ದ ಪ್ರಶ್ನೆಯನ್ನು ಅವರಿಗೇ ಕೇಳಿದೆ. “ಮದುವಿಗೆ ಬಾಸಿಂಗ, ಮಗುವಿಗೆ ತೊಟ್ಟಿಲು ಆತ್ರಿ. ನಡುವ ಗಂಡ-ಹೆಂಡತಿ ಚೆಂದಂಗ ಇರ್ಲಿ ಅಂತ ಹರಕಿ ಇಲ್ಲೇನ್ರಿ?”

ಅವರು ನನ್ನ ಮುಖ ನೋಡಿದರು. “ಅದಕ್ಕ ಬೆಳ್ಳೀಲೆ ಏನು ಮಾಡಿಸಬೇಕ್ರಿ ಅಕ್ಕಾರ?”

ಸ್ವಲ್ಪ ಹೊತ್ತು ಬಿಟ್ಟು ತಾವೇ ಸೇರಿಸಿದರು: “ಗಂಡ ಕುಡಿಯೂದು ಬಿಡ್ಲಿ ಅಂತ ಬರ್ತಾರ ನೋಡ್ರಿ. ಅವರು ಭಾಳ ಮಂದಿ.”

ದಾಂಪತ್ಯ ಚಿಕಿತ್ಸೆಯ ಬಗ್ಗೆ ಬಹಳ ದಿನಗಳಿಂದ ಓದುತ್ತ ಬಂದವಳು ನಾನು. ಮುರಿಯುತ್ತಿರುವ ಎರಡು ಮನಸ್ಸುಗಳ ನಡುವೆ ಮೂರನೆಯವರೊಬ್ಬರು ಕೂತು ಮಾತಿನಿಂದಲೇ ಏನೋ ಮಾಡುತ್ತಾರೆ, ಎಷ್ಟೋ ಮನೆ ಉಳಿಯುತ್ತವೆ. ಇದು ನನಗೆ ಇವತ್ತಿಗೂ ಅಚ್ಚರಿ. ಆ ವಿದ್ಯೆಯಲ್ಲಿ ಹತ್ತಾರು ಪಂಥಗಳಿವೆ, ಒಂದರ ದಾರಿ ಇನ್ನೊಂದಕ್ಕೆ ಸೇರುವುದಿಲ್ಲ. ಅವೆಲ್ಲ ಹುಟ್ಟಿದ್ದು ಸಿಯಾಟಲ್, ವ್ಯಾಂಕೂವರ್, ಅಡಿಲೇಡ್‌ನಂಥ ಊರುಗಳಲ್ಲಿ. ಎರೆಹೊಲದ ಸಂಸಾರಗಳ ಎದುರು ಅವು ಹೇಗೆ ಕಾಣುತ್ತವೆ ಎಂದು ನೋಡಲು ಈ ತಾಲೂಕಿಗೆ ಬಂದಿದ್ದೆ. ಆ ತಾಯಿಯ ಎರಡನೆಯ ಮಾತು ನನಗೆ ನೇರ ದಾರಿ ತೋರಿಸಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬ್ರಾಕ್ಟನ್ ಎಂಬ ಊರಿದೆ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಟಿಮೊಥಿ ಒ’ಫ್ಯಾರೆಲ್ ಎಂಬ ಮನಶ್ಶಾಸ್ತ್ರಜ್ಞರು ಕುಡಿತಕ್ಕೆ ಬಿದ್ದವರನ್ನು ಹೆಂಡತಿಯೊಂದಿಗೆ ಕೂರಿಸಿಕೊಂಡು ಚಿಕಿತ್ಸೆ ಕೊಡುವ ಕ್ರಮ ಬೆಳೆಸಿದರು. ಅದರ ಜೀವಾಳ ದಿನಕ್ಕೊಂದು ಪುಟ್ಟ ನೇಮ. ನಿನ್ನೆ ಕುಡಿಯಲಿಲ್ಲ, ಇವತ್ತೂ ಕುಡಿಯುವುದಿಲ್ಲ ಎಂದು ಗಂಡ ಹೇಳಬೇಕು, ಹೆಂಡತಿ ಅದಕ್ಕೆ ಮೆಚ್ಚುಗೆಯ ಒಂದು ಮಾತು ಆಡಬೇಕು. ಹಳೆಯ ಕುಡಿತ, ನಾಳೆಯ ಭಯ ಎರಡನ್ನೂ ಆ ಹೊತ್ತಿನಲ್ಲಿ ಎತ್ತಬಾರದು. ಮಾತ್ರೆ ಇದ್ದರೆ ಅವಳ ಎದುರಿಗೇ ನುಂಗಬೇಕು. ಇಷ್ಟೇ. ಕಾಮಣ್ಣನ ಮುಂದೆ ಹೊತ್ತ ಹರಕೆ ವರ್ಷಕ್ಕೊಮ್ಮೆ ತೀರುತ್ತದೆ, ಇದು ದಿನಾ ಬೆಳಗ್ಗೆ ತೀರಬೇಕಾದ ಹರಕೆ. ಸಾಲಿನಲ್ಲಿ ನಿಂತು ಆ ತಾಯಿಗೆ ಇದನ್ನು ವಿವರಿಸಿದೆ. “ಆಕಿ ಮೆಚ್ಚಬೇಕಾ?” ಎಂದು ಕೇಳಿದ ಅವರು ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ತಾಲೂಕಿನ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ಸಿಕ್ಕರು. ಊರ ದೈವದಲ್ಲಿ, ಅಂದರೆ ಹಿರಿಯರ ಸಭೆಯಲ್ಲಿ, ಬಹಳ ವರ್ಷ ಕೂತವರು. ಸಂಜೆ ಗುಡಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ಗಂಡ-ಹೆಂಡಿರ ನ್ಯಾಯ ಹೇಗೆ ಬಗೆಹರಿಸುತ್ತಿದ್ದರು ಎಂದು ಹೇಳಿದರು. ಮೊದಲು ಹುಡುಗನ ಕಡೆಯವರ ಮಾತು, ಆಮೇಲೆ ತವರುಮನೆಯವರದು, ನಡುವೆ ಬೈಗುಳ, ಕಣ್ಣೀರು, ಚಹಾ. ಕೊನೆಗೆ ಮುಚ್ಚಳಿಕೆ. ಇನ್ನು ಮೇಲೆ ಕುಡಿದು ಬರುವುದಿಲ್ಲ, ಕೈ ಮಾಡುವುದಿಲ್ಲ ಎಂದು ಅವನು ಬರೆದು ಕೊಡುತ್ತಿದ್ದ. ಮಾತು ಮಾತಿಗೆ ತವರಿಗೆ ಹೋಗುವುದಿಲ್ಲ ಎಂದು ಅವಳು. ಕೆಳಗೆ ಪಂಚರ ಸಹಿ.

“ಆ ಕಾಗದ ಎಷ್ಟು ದಿನ ನಡೀತಿತ್ತ್ರಿ ಅಜ್ಜಾರ?”

“ಕಾಗದ ನಡೀತಿತ್ರಿ. ಮನಸು ಒಂದೊಂದ್ಸಲ ನಡೀತಿತ್ತು, ಒಂದೊಂದ್ಸಲ ಇಲ್ಲ.”

ದಾಂಪತ್ಯ ಚಿಕಿತ್ಸೆಯ ಒಂದು ದೊಡ್ಡ ಪಂಥ ಶುರುವಾದದ್ದು ಇಂಥದೇ ಕಾಗದದಿಂದ. 1969ರಲ್ಲಿ ರಿಚರ್ಡ್ ಸ್ಟುವರ್ಟ್ ಎಂಬವರು ವಿಚ್ಛೇದನದ ಅಂಚಿಗೆ ಬಂದ ಜೋಡಿಗಳಿಗೆ ಲೆಕ್ಕದ ಬಿಲ್ಲೆಗಳನ್ನು ಕೊಟ್ಟರು. ಗಂಡ ಕೂತು ಮಾತಾಡಿದರೆ ಹೆಂಡತಿ ಬಿಲ್ಲೆ ಕೊಡುತ್ತಾಳೆ, ಆ ಬಿಲ್ಲೆಗೆ ಬದಲಾಗಿ ಅವನಿಗೆ ಪ್ರೀತಿ, ಸರಸ. ನಡವಳಿಕೆ ಬದಲಾದರೆ ಮನಸ್ಸು ತಾನೇ ಹಿಂದೆ ಬರುತ್ತದೆ ಎಂಬುದು ಅವರ ನಂಬಿಕೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಜೇಕಬ್ಸನ್ ಅದನ್ನು ಬಿಲ್ಲೆಗಳಿಂದ ಬಿಡಿಸಿ ಶಿಸ್ತಾದ ಶಾಸ್ತ್ರ ಮಾಡಿದರು. ಮಾತಾಡುವ ರೀತಿ ಕಲಿಸುವುದು, ಸಮಸ್ಯೆ ಬಿಡಿಸುವ ಕ್ರಮ ಕಲಿಸುವುದು, ನೀನು ಇಷ್ಟು ಮಾಡು ನಾನು ಇಷ್ಟು ಮಾಡುತ್ತೇನೆ ಎಂಬ ಒಪ್ಪಂದ. ಆದರೆ ಜೇಕಬ್ಸನ್ ತಮ್ಮ ಫಲಿತಾಂಶಗಳನ್ನು ತಾವೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು. ಎಷ್ಟೋ ಜೋಡಿಗಳು ಸುಧಾರಿಸಿ ಮತ್ತೆ ಹಿಂದಿನ ಜಾಗಕ್ಕೇ ಜಾರುವುದನ್ನು ಕಂಡರು. ಆಗ ಅವರೂ ಆಂಡ್ರೂ ಕ್ರಿಸ್ಟೆನ್ಸನ್ ಅವರೂ ಸೇರಿ ದಾರಿ ಬದಲಿಸಿದರು. ಬದಲಾಯಿಸಬಹುದಾದದ್ದನ್ನು ಬದಲಾಯಿಸಿ, ಆಗದ್ದನ್ನು ಒಟ್ಟಿಗೆ ಕೂತು ನೋಡಿ, ಅದರ ಹಿಂದಿನ ನೋವನ್ನು ಅರಿಯಿರಿ ಎಂದರು. ತೀವ್ರ ಜಗಳದಲ್ಲಿದ್ದ 134 ಜೋಡಿಗಳ ಮೇಲೆ ಹಳೆಯ ಕ್ರಮ, ಹೊಸ ಕ್ರಮ ಎರಡನ್ನೂ ಹೋಲಿಸಿ ನೋಡಿದರು. ಮೊದಲ ಎರಡು ವರ್ಷ ಹೊಸದು ಮುಂದಿತ್ತು. ಐದು ವರ್ಷಕ್ಕೆ ಎರಡೂ ಹೆಚ್ಚುಕಡಿಮೆ ಸಮಕ್ಕೆ ಬಂದವು. ಸುಮಾರು ಅರ್ಧ ಜೋಡಿಗಳು ಚೆನ್ನಾಗಿದ್ದವು, ಕಾಲು ಭಾಗಕ್ಕಿಂತ ತುಸು ಹೆಚ್ಚು ಜೋಡಿಗಳು ಬೇರೆಯಾಗಿದ್ದವು. ಇಷ್ಟು ಪ್ರಾಮಾಣಿಕವಾದ ಲೆಕ್ಕ ಒಪ್ಪಿಸುವ ವಿದ್ಯೆಯ ಮೇಲೆ ನನಗೆ ಗೌರವ ಹುಟ್ಟುತ್ತದೆ.

ಈ ಅಜ್ಜನ ಬಾಯಲ್ಲಿ ಇನ್ನೊಂದು ಮಾತು ಬಂತು. ಹಿಂದೆ ದೈವದವರು ಬರೀ ಕೂಡಿಸುತ್ತಿರಲಿಲ್ಲ, ಬಿಡಿಸುತ್ತಲೂ ಇದ್ದರು. ಸೋಡಚೀಟಿ ಬರೆದುಕೊಟ್ಟರೆ ಹೆಣ್ಣು ಉಡಿಕೆಯಾಗಿ ಇನ್ನೊಂದು ಮನೆ ಸೇರಬಹುದಿತ್ತು. 1884ರಲ್ಲಿ ಅಚ್ಚಾದ ಮುಂಬಯಿ ಸರಕಾರದ ಧಾರವಾಡ ಗೆಜೆಟಿಯರ್ ತೆರೆದರೆ ಜಾತಿ ಜಾತಿಯ ಬಗೆಗೂ ಈ ಟಿಪ್ಪಣಿ ಸಿಗುತ್ತದೆ, ಇವರಲ್ಲಿ ಬಿಡುಗಡೆಗೂ ಮರುಮದುವೆಗೂ ಅವಕಾಶವಿದೆ, ಇವರಲ್ಲಿ ಇಲ್ಲ ಎಂದು. ಮದುವೆ ಎಂದರೆ ಸಾಯುವ ತನಕ ಬಿಡಿಸಲಾಗದ ಗಂಟು ಎನ್ನುವುದು ಈ ನೆಲದ ಎಲ್ಲರ ನಂಬಿಕೆ ಎಂದೂ ಆಗಿರಲಿಲ್ಲ. ಮಿನ್ನೆಸೋಟದ ವಿಲಿಯಂ ಡೊಹರ್ಟಿ ಈಚೆಗೆ ಕಟ್ಟಿದ ಒಂದು ಕ್ರಮ ನನಗೆ ನೆನಪಾಯಿತು. ಒಬ್ಬರಿಗೆ ಇರುವ ಮನಸ್ಸು, ಇನ್ನೊಬ್ಬರಿಗೆ ಹೋಗುವ ಮನಸ್ಸು ಎಂದಾದಾಗ ಅವರು ಚಿಕಿತ್ಸೆಯನ್ನೇ ಶುರುಮಾಡುವುದಿಲ್ಲ. ಹೆಚ್ಚೆಂದರೆ ಐದು ಸಲ ಕೂತು ಹೀಗೇ ಇರುವುದೋ, ಬೇರೆಯಾಗುವುದೋ, ಆರು ತಿಂಗಳು ಮನಸಾರೆ ಪ್ರಯತ್ನ ಮಾಡುವುದೋ ಎಂಬುದನ್ನಷ್ಟೇ ಸ್ಪಷ್ಟ ಮಾಡಿಕೊಳ್ಳುತ್ತಾರೆ. ಕೋರ್ಟಿನ ದಾರಿಯಲ್ಲಿ ಇಂಥ ಬಿಡುವು ಕಡಿಮೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಮೊದಲು ರಾಜಿಗೆ ಯತ್ನಿಸಬೇಕೆಂದು ನ್ಯಾಯಾಧೀಶರಿಗೆ ಹೇಳುತ್ತದೆ, ಲೋಕ ಅದಾಲತ್ತಿನಲ್ಲಿ ಜೋಡಿಗಳು ಹಾರ ಬದಲಾಯಿಸಿಕೊಂಡ ಫೋಟೊ ಮರುದಿನದ ಪೇಪರಿನಲ್ಲಿ ಬರುತ್ತದೆ. ಹಾರ ಹಾಕಿಕೊಂಡು ಮನೆಗೆ ಹೋದ ಮೇಲಿನ ಮೊದಲ ವಾರದಲ್ಲಿ ಅವರ ಜೊತೆ ಕೂರುವವರು ಯಾರು? ನನ್ನ ಚಿಂತೆ ಅಲ್ಲಿ.

ಏಳುವ ಮೊದಲು ಅಜ್ಜ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ತಪ್ಪು ತೋರಿಸಿ, ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬಾ ಎಂದು ಕಳಿಸಿದಳು, ಅವನು ಹೋದ. “ಹೋದ ನೋಡ್ರಿ, ಅದ ದೊಡ್ಡದು” ಎಂದರು ಅಜ್ಜ. ಸಿಯಾಟಲ್ಲಿನಲ್ಲಿ ಜಾನ್ ಗಾಟ್‌ಮನ್ ಮತ್ತು ಸಂಗಡಿಗರು ಹೊಸದಾಗಿ ಮದುವೆಯಾದ 130 ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಇದೆ. ಹೆಂಡತಿಯ ಮಾತಿಗೆ ತನ್ನನ್ನು ತುಸು ಬಾಗಿಸಿಕೊಳ್ಳುವ ಗಂಡನ ಮದುವೆ ಬಾಳುತ್ತದೆ, ಬಾಗದವನದು ಮುರಿಯುವ ಸಂಭವ ಹೆಚ್ಚು. ಹನ್ನೆರಡನೆಯ ಶತಮಾನದ ಕಥೆಯೊಂದು ಕಟ್ಟೆಯ ಮೇಲೆ ಇಷ್ಟು ಸಲೀಸಾಗಿ ಪ್ರಯೋಗಾಲಯದ ಪಕ್ಕ ಬಂದು ಕೂತದ್ದಕ್ಕೆ ನಾನು ಬೆರಗಾದೆ.

ಮರುದಿನ ಹೊಲದ ಕಡೆ ಹೋಗಿದ್ದೆ. ಗಂಡ-ಹೆಂಡತಿ ಇಬ್ಬರೂ ಹತ್ತಿಯ ಕಟ್ಟಿಗೆ ಕೀಳುತ್ತಿದ್ದರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬಿಚ್ಚಿ ನನಗೂ ಕೊಟ್ಟರು. ಜಗಳದ ವಿಷಯ ಎತ್ತಿದ್ದೇ ತಡ, ಆಕೆ ನಕ್ಕು ಹೇಳಿದರು: “ಮಳಿ ಚಲೋ ಆದ ವರ್ಷ ನಮ್ಮ ಮನ್ಯಾಗ ಜಗಳ ಕಡಿಮಿರಿ.” ಗಂಡ ತಲೆಯೆತ್ತದೆ ಹೌದೆಂದರು.

ಇದನ್ನು ನಗೆಯ ಮಾತೆಂದು ಬಿಡುವಂತಿಲ್ಲ. ಈ ತಾಲೂಕಿನ ರೈತರು ಮಲಪ್ರಭೆಯ ನೀರಿನ ಕರದ ವಿರುದ್ಧ ಬೀದಿಗಿಳಿದರು, 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿ ಜೀವಗಳು ಹೋದವು. ಅದೇ ದಶಕದಲ್ಲಿ ಭೂಗೋಳದ ಆಚೆ ಬದಿಯ ಅಯೋವಾದಲ್ಲಿ, ಅಲ್ಲೂ ಕರಿಮಣ್ಣೇ, ಸಾಲಕ್ಕೆ ಹೊಲ ಹರಾಜಾಗುತ್ತಿದ್ದವು. ರ್‍ಯಾಂಡ್ ಕಾಂಗರ್ ಎಂಬ ಸಂಶೋಧಕರು 1989ರಲ್ಲಿ ಅಲ್ಲಿನ 451 ಗ್ರಾಮೀಣ ಕುಟುಂಬಗಳ ಮನೆಗೆ ಕ್ಯಾಮೆರಾ ಹಿಡಿದು ಹೋದರು. ಬೆಲೆ ಕುಸಿದಾಗ ಮನೆಯೊಳಗಿನ ಮಾತಿನ ಧಾಟಿಯೂ ಕುಸಿಯುತ್ತದೆ ಎಂದು ಕಂಡರು. ಬಿಲ್ಲು ಕಟ್ಟಲಾಗದ ಸಂಕಟ ಇಬ್ಬರನ್ನೂ ಒಳಗೇ ಕುಗ್ಗಿಸುತ್ತದೆ, ಕುಗ್ಗಿದವರು ಸಿಡುಕುತ್ತಾರೆ, ಸಿಡುಕು ಮದುವೆಯನ್ನೂ ಮಕ್ಕಳನ್ನೂ ತಾಕುತ್ತದೆ. ಕಷ್ಟದಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವ ಜೋಡಿಗಳಲ್ಲಿ, ಕೂತು ಸಮಸ್ಯೆ ಬಿಡಿಸಬಲ್ಲ ಜೋಡಿಗಳಲ್ಲಿ ಈ ಸರಪಳಿ ನಡುವೆಯೇ ತುಂಡಾಗುತ್ತದೆ ಎಂಬುದನ್ನೂ ಅವರು ತೋರಿಸಿದರು. ಹಾಗಾಗಿ ಒಣಬೇಸಾಯದ ಸೀಮೆಯಲ್ಲಿ ದಾಂಪತ್ಯ ಚಿಕಿತ್ಸೆ ಮಾಡುವವರು ಬೆಳೆವಿಮೆಯ ಬಗ್ಗೆ, ಕೈಗಡದ ಬಡ್ಡಿಯ ಬಗ್ಗೆ ಕೇಳದೆ ಮನಸ್ಸಿನ ವಿಷಯಕ್ಕೆ ಹೋದರೆ ಅರ್ಧ ಕಥೆ ಬಿಟ್ಟಂತೆ. ಪಟ್ಟಣದ ಪುಸ್ತಕಗಳು ಇದನ್ನು ಸಾಕಷ್ಟು ಹೇಳುವುದಿಲ್ಲ.

ಜಮಖಾನ ನೋಡದೆ ನವಲಗುಂದ ಬಿಡುವುದುಂಟೆ? ಆದಿಲಶಾಹಿ ಕಾಲದಲ್ಲಿ ವಿಜಾಪುರದಿಂದ ಬಂದ ನೇಕಾರರ ಮನೆಗಳಲ್ಲಿ ಹೆಂಗಸರೇ ನೇಯುವ ಜಮಖಾನ, ಭೌಗೋಳಿಕ ಗುರುತು ಪಡೆದದ್ದು. ನೆಟ್ಟನೆ ನಿಂತ ಮಗ್ಗದ ಮುಂದೆ ಮುಸ್ಲಿಂ ತಾಯಿಯೊಬ್ಬರು ಕೂತು ಕೆಂಪು, ಹಳದಿ, ಕಪ್ಪು ನೂಲಿನಲ್ಲಿ ಪಗಡೆಯ ಹಾಸು ಮೂಡಿಸುತ್ತಿದ್ದರು. ಹಿಂದೆ ಈ ಕಸುಬನ್ನು ಮಗಳಿಗೆ ಕಲಿಸುತ್ತಿರಲಿಲ್ಲವಂತೆ, ಮದುವೆಯಾಗಿ ಹೋದ ಮನೆಗೆ ಗುಟ್ಟು ಹೋಗಿಬಿಡುತ್ತದೆ ಎಂದು. ಕಲಿಯುತ್ತಿದ್ದವಳು ಮನೆಗೆ ಬಂದ ಸೊಸೆ. ಈಗ ಕಲಿಯುವವರು ಸಿಕ್ಕರೆ ಸಾಕು ಎಂದರು.

ಅಲ್ಲಿ ಕೂತಾಗ ನನ್ನ ತಲೆಯಲ್ಲಿದ್ದುದು ಬೇರೆ. ಒಂದೇ ಮಗ್ಗದ ಮುಂದೆ ಅತ್ತೆ-ಸೊಸೆ ವರ್ಷಗಟ್ಟಲೆ ಕೂರುವ ಮನೆಯಲ್ಲಿ ಗಂಡ-ಹೆಂಡತಿಯ ಸಂಬಂಧ ಇಬ್ಬರದು ಮಾತ್ರ ಹೇಗಾದೀತು? ಮರ್ರಿ ಬೋವೆನ್ ಎಂಬ ಅಮೆರಿಕನ್ ವೈದ್ಯರು 1950ರ ದಶಕದಲ್ಲಿ ಇಡೀ ಕುಟುಂಬಗಳನ್ನೇ ಆಸ್ಪತ್ರೆಯ ವಾರ್ಡಿನಲ್ಲಿ ಇರಿಸಿಕೊಂಡು ನೋಡಿದರು. ಇಬ್ಬರ ನಡುವಿನ ಬಿಗಿ ತಡೆಯಲಾಗದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ, ಅದು ತಾಯಿಯಾಗಬಹುದು, ಮಗುವಾಗಬಹುದು ಎಂದರು. ನಮ್ಮಲ್ಲಿ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಜೊತೆಗಿರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1977ರಿಂದ ಕುಟುಂಬ ಮನೋವೈದ್ಯ ಕೇಂದ್ರವಿದೆ, ಅಲ್ಲಿ ಗಂಡ-ಹೆಂಡತಿ, ಬೇಕಾದರೆ ಮನೆಮಂದಿಯೆಲ್ಲ, ಕೆಲವು ದಿನ ಉಳಿದು ಚಿಕಿತ್ಸೆ ಪಡೆಯುತ್ತಾರೆ. ಅತ್ತೆಯನ್ನು ಶತ್ರುವಾಗಿ ನೋಡದೆ, ಅವಳೂ ಈ ಚಿತ್ರದಲ್ಲಿದ್ದಾಳೆ, ಅವಳ ಭಯವೂ ಒಂದಿದೆ ಎಂದು ನೋಡುವ ಪಂಥ ಇದು. ಎರೆಹೊಲದ ಸಂಸಾರಕ್ಕೆ ಎಲ್ಲಕ್ಕಿಂತ ಹತ್ತಿರ ಬರುವುದು ಇದೇ ಎಂದು ನನಗೆ ಅನ್ನಿಸಿದೆ.

ಆ ಮನೆಯ ಬಾಗಿಲಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಮನೆಗೆ ಕಣ್ಣು ಬಿದ್ದಿದೆ, ಅದಕ್ಕೇ ಜಗಳ ಎನ್ನುವವರು ಇಲ್ಲಿ ಎಲ್ಲ ಜಾತಿ, ಧರ್ಮದಲ್ಲೂ ಇದ್ದಾರೆ. ಅಡಿಲೇಡ್‌ನ ಮೈಕಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಕಟ್ಟಿದ ಕಥನ ಚಿಕಿತ್ಸೆಯೂ ಕೇಡನ್ನು ಮನುಷ್ಯನ ಹೊರಗೆ ನಿಲ್ಲಿಸುತ್ತದೆ. ನೀನೇ ಕೆಟ್ಟವಳು, ನೀನೇ ಕೆಟ್ಟವನು ಎಂಬ ಕಥೆ ಬಿಟ್ಟು, ನಿಮ್ಮಿಬ್ಬರ ನಡುವೆ ಈ ಸಂಶಯ ಯಾವಾಗ ಹೊಕ್ಕಿತು, ನೀವು ಅದನ್ನು ಎಂದಾದರೂ ಹೊರಹಾಕಿದ್ದಿರಾ ಎಂದು ಕೇಳುತ್ತಾರೆ. ನಿಂಬೆಹಣ್ಣು ಅಷ್ಟು ದೂರ ಬರುವುದಿಲ್ಲ. ಗೆದ್ದ ದಿನಗಳನ್ನು ಅದು ನೆನಪಿಸುವುದಿಲ್ಲ.

ಊರಿನ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋದದ್ದು ಕೊನೆಗೆ. ಒಂದು ಕೋಣೆ, ಕಬ್ಬಿಣದ ಕಪಾಟು, ನಾಲ್ಕು ಕುರ್ಚಿ, ಹೊರಗೆ ಬೆಂಚು. ಕಪಾಟಿನಲ್ಲಿ ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ಯ ಹಳೆಯ ಪ್ರತಿ. ಧಾರವಾಡದಲ್ಲಿ ವೈದ್ಯೆಯಾಗಿದ್ದ ಆ ಲೇಖಕಿ, ಯಾರೂ ಬಾಯಿಬಿಡದ ವಿಷಯಗಳನ್ನು ಕನ್ನಡದ ಹೆಣ್ಣುಮಕ್ಕಳಿಗೆ ಸಂಕೋಚವಿಲ್ಲದೆ ಹೇಳಿದವರು. ಕನ್ನಡದ ಎಷ್ಟೋ ಮನೆಗಳ ಮೊದಲ ಸಮಾಲೋಚಕಿ ಆ ಪುಸ್ತಕವೇ. ಈ ಕೇಂದ್ರದ ಸಮಾಲೋಚಕಿ ಯಾರ ಮನೆಯ ಕಥೆಯನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಲಸ ಹೇಗೆ ಮಾಡುತ್ತೀರಿ ಎಂದಾಗ ಎದ್ದು ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟರು.

“ಆಕಿ ಒದರ್ತಾಳ, ಅಂವಾ ಎದ್ದು ಹೊರಗ ಹೋಗ್ತಾನ. ಅಂವಾ ಹೊರಗ ಹೋದಷ್ಟು ಆಕಿ ಒದರೂದು ಹೆಚ್ಚು, ಆಕಿ ಒದರಿದಷ್ಟು ಅಂವಾ ದೂರ. ಯಾರು ಮೊದಲ ಶುರು ಮಾಡಿದ್ರು ಅಂತ ಕೇಳಿದ್ರ ಸಂಜಿ ಆದ್ರೂ ಮುಗಿಯಂಗಿಲ್ಲ. ನಾ ಅದನ್ನ ಕೇಳಂಗಿಲ್ರಿ. ಅಂವಾ ಎದ್ದು ಹೋದಾಗ ನಿಮ್ಮ ಹೊಟ್ಟ್ಯಾಗ ಏನಾಗ್ತೈತಿ ಅಂತ ಆಕಿನ್ನ ಕೇಳ್ತೀನಿ.”

“ಏನಂತಾರ?”

“ನಾ ಈ ಮನ್ಯಾಗ ಲೆಕ್ಕಕ್ಕಿಲ್ಲ ಅಂತಾಳ. ಅಂವನ್ನ ಕೇಳಿದ್ರ, ನಾ ಏನ್ ಮಾಡಿದ್ರೂ ಕಡಿಮೀನ ಅಂತಾನ. ಈ ಎರಡು ಮಾತು ಅವರು ಒಬ್ಬರಿಗೊಬ್ಬರು ಎಂದೂ ಅಂದಿರಂಗಿಲ್ರಿ. ಜಗಳದಾಗ ಬರೂದು ಬ್ಯಾರೆ, ಉಪ್ಪು, ಸಾಲ, ತವರಮನಿ. ಆ ಒಂದು ಮಾತು ಇಲ್ಲಿ ಬಂತಂದ್ರ ಇಬ್ರೂ ಸುಮ್ನಾಗ್ತಾರ. ಅಲ್ಲಿಂದ ನಮ್ಮ ಕೆಲಸ ಶುರು.”

ನನಗೆ ಮೈ ಜುಂ ಎಂದಿತು. 1980ರ ದಶಕದಲ್ಲಿ ವ್ಯಾಂಕೂವರಿನ ವಿಶ್ವವಿದ್ಯಾಲಯದಲ್ಲಿ ಸೂ ಜಾನ್ಸನ್ ಎಂಬ ಸಂಶೋಧಕಿ, ಲೆಸ್ಲಿ ಗ್ರೀನ್‌ಬರ್ಗ್ ಜೊತೆಗೂಡಿ, ಜೋಡಿಗಳ ಮಾತಿನ ದೃಶ್ಯಮುದ್ರಣಗಳನ್ನು ಮತ್ತೆ ಮತ್ತೆ ನೋಡಿ ಕಂಡುಕೊಂಡದ್ದು ಇದನ್ನೇ. ತಾಯಿಯಿಂದ ಅಗಲಿದ ಮಗುವಿನ ಸಂಕಟದ ಬಗ್ಗೆ ಇಂಗ್ಲೆಂಡಿನ ಜಾನ್ ಬೌಲ್ಬಿ ಹೇಳಿದ್ದನ್ನು ಆಕೆ ದೊಡ್ಡವರ ಪ್ರೀತಿಗೆ ತಂದರು. ಬೈಗುಳದ ಕೆಳಗೆ ಇರುವುದು ಸಿಟ್ಟಲ್ಲ, ನೀನು ನನಗೆ ಇದ್ದೀಯಾ ಎಂಬ ಭಯ. 2024ರಲ್ಲಿ ತೀರಿಕೊಂಡ ಆ ಹೆಂಗಸು ನವಲಗುಂದವನ್ನು ಕಂಡವರಲ್ಲ, ಈ ಸಮಾಲೋಚಕಿ ಅವರ ಪುಸ್ತಕ ಕಂಡವರಲ್ಲ. ಇಬ್ಬರೂ ತಲುಪಿದ್ದು ಒಂದೇ ಜಾಗಕ್ಕೆ, ತಮ್ಮ ಎದುರು ಕೂತವರನ್ನು ಗಮನವಿಟ್ಟು ನೋಡುತ್ತ ನೋಡುತ್ತ.

ಸಮಾಲೋಚಕಿಗೆ ನಾನು ಗಾಟ್‌ಮನ್ ಅವರ ಮನೆಯ ಕಥೆ ಹೇಳಿದೆ. 1986ರಲ್ಲಿ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪುಟ್ಟ ವಸತಿಯೊಂದನ್ನು ಸಜ್ಜುಮಾಡಿ, ಗೋಡೆಗೆ ಕ್ಯಾಮೆರಾ ಇಟ್ಟು, ಜೋಡಿಗಳ ಎದೆಬಡಿತ ಅಳೆಯುತ್ತ ಅವರನ್ನು ಮಾತಾಡಲು ಬಿಟ್ಟರು. ಮದುವೆಯನ್ನು ತಿನ್ನುವ ನಾಲ್ಕು ರೋಗ ಕಂಡರು: ಆಳನ್ನೇ ಹಳಿಯುವುದು, ತಾತ್ಸಾರ, ತಪ್ಪು ಹೊರದೆ ಜಾರುವುದು, ಮಾತು ನಿಲ್ಲಿಸಿ ಗೋಡೆಯಾಗುವುದು. ನಾಲ್ಕರಲ್ಲಿ ತಾತ್ಸಾರವೇ ಕೆಟ್ಟದ್ದು. ನಾಡಿ ನೂರು ದಾಟಿದವರಿಗೆ ಎದುರಿನವರ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ, ಇಪ್ಪತ್ತು ನಿಮಿಷ ದೂರ ಹೋಗಿ ತಣಿದು ಬರಬೇಕು. ಗಂಡ-ಹೆಂಡಿರ ಭಿನ್ನಮತಗಳಲ್ಲಿ ನೂರಕ್ಕೆ 69 ಎಂದೂ ಪೂರ್ತಿ ಬಗೆಹರಿಯದವು, ಅವುಗಳ ಜೊತೆ ಮಾತುಕತೆ ಇಟ್ಟುಕೊಂಡೇ ಬಾಳಬೇಕು ಎಂಬುದು ಗಾಟ್‌ಮನ್ ಅವರ ಲೆಕ್ಕ. ಉಂಡು ಮಲಗುವ ತನಕ ಎಂದ ನಮ್ಮ ಗಾದೆ ಹೀಗೆ ಅರ್ಧ ಸರಿ. ಎಷ್ಟೋ ಜಗಳ ತೀರ್ಪಿಲ್ಲದೆ ಮುಗಿಯುತ್ತವೆ. ಆದರೆ ತಾತ್ಸಾರ ಉಂಡರೂ ಮಲಗಿದರೂ ಹೋಗುವುದಿಲ್ಲ.

“ಎದ್ದು ಹೋಗೂದು ಚಲೋನೋ ಕೆಟ್ಟದ್ದೋ?” ಎಂದು ಅವರು ಕೇಳಿದರು.

“ಯಾವಾಗ ಬರ್ತೀನಿ ಅಂತ ಹೇಳಿ ಹೋದ್ರ ಚಲೋ. ಹೇಳದ ಹೋದ್ರ ಅದು ಗ್ವಾಡಿ.”

ಅವರಿಗೆ ಅದು ಹಿಡಿಸಿತು. ಬೆಂಚಿನ ಮೇಲೆ ಕಾಯುವವರು ಓದುವಂತೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದರು. ಯಾವ ಪಂಥದ್ದು ಬರೆಯಲಿ? ಟೆಕ್ಸಾಸ್‌ನ ಡಗ್ಲಸ್ ಸ್ನೈಡರ್ 1991ರಲ್ಲಿ ಪ್ರಕಟಿಸಿದ ಹೋಲಿಕೆ ನೆನಪಿಗೆ ಬಂತು. ನಾಲ್ಕು ವರ್ಷದ ಬಳಿಕ, ನಡವಳಿಕೆ ತಿದ್ದಿದ ಗುಂಪಿನಲ್ಲಿ ನೂರಕ್ಕೆ 38 ಜೋಡಿಗಳು ವಿಚ್ಛೇದನ ಪಡೆದಿದ್ದವು, ಹಳೆಯ ಗಾಯಗಳನ್ನು ಅರಿಯಲು ಸಹಾಯ ಮಾಡಿದ ಗುಂಪಿನಲ್ಲಿ ಬರೀ 3. ಜೇಕಬ್ಸನ್ ಈ ಹೋಲಿಕೆಯನ್ನು ಒಪ್ಪದೆ ವಾದಕ್ಕಿಳಿದರು. ಆಮೇಲಿನ ಅಧ್ಯಯನಗಳಲ್ಲಿ ಒಳ್ಳೆಯ ಕ್ರಮಗಳ ನಡುವಿನ ಅಂತರ ಅಷ್ಟು ದೊಡ್ಡದಾಗಿ ಕಂಡಿಲ್ಲ. ಚಿಕಿತ್ಸೆ ಪಡೆದ ಜೋಡಿಗಳಿಗೂ ಪಡೆಯದವರಿಗೂ ನಡುವಿನ ಅಂತರವೇ ದೊಡ್ಡದು. ಹಾಗಾದರೆ ನವಲಗುಂದಕ್ಕೆ ಬೇಕಾದದ್ದು ಯಾವುದೋ ಒಂದು ಪಂಥದ ಗೆಲುವಲ್ಲ, ಹೀಗೊಂದು ಕೋಣೆ, ಅಲ್ಲಿ ಯಾರ ಪರವೂ ವಹಿಸದೆ ಕೂರುವ ತರಬೇತಾದ ಒಬ್ಬರು, ವಾರ ವಾರ. 2014ರಿಂದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಾಗಿದೆ. 1845ರಷ್ಟು ಹಿಂದೆಯೇ ಹುಚ್ಚಾಸ್ಪತ್ರೆ ತೆರೆದಿದ್ದ ಧಾರವಾಡದಲ್ಲಿ ಇವತ್ತು ಡಿಮ್ಹಾನ್ಸ್‌ನಂಥ ಸಂಸ್ಥೆ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್‌ನವರು ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ. ಗಂಡ-ಹೆಂಡತಿ ಜೊತೆಯಾಗಿ ಹೋಗಿ ಕೂರುವ ದಿನವೊಂದು ಈ ಏರ್ಪಾಡಿಗೆ ಸೇರಬೇಕು. ಇದು ನಾನು ಮನಸಾರೆ ಕೇಳುವ ಮಾತು.

ಹಾಳೆಯಲ್ಲಿ ನಾಲ್ಕು ಸಾಲು ಬರೆದೆ. ಆಳನ್ನು ಹಳಿಯದೆ ಆದ ನೋವು ಹೇಳಿ. ಸಿಟ್ಟು ನೆತ್ತಿಗೇರಿದರೆ ಬರುವ ಹೊತ್ತು ಹೇಳಿ ಹೊರಗೆ ಹೋಗಿ. ಜಗಳದ ಕೆಳಗಿರುವ ಮಾತನ್ನು ಹುಡುಕಿ. ಮನೆಯ ಹಿರಿಯರನ್ನು ನ್ಯಾಯಾಧೀಶರಾಗಿ ಕರೆಯಬೇಡಿ.

ಸಮಾಲೋಚಕಿ ಓದಿದರು. ಪೆನ್ನು ಇಸಿದುಕೊಂಡು, ನನ್ನ ನಾಲ್ಕು ಸಾಲಿಗೂ ಮೇಲೆ, ದಪ್ಪ ಅಕ್ಷರದಲ್ಲಿ ಬರೆದರು: “ಹೊಡತ ಬಡತ ಇದ್ದರ ಜೋಡಿಲೆ ಬರಬ್ಯಾಡ್ರಿ. ಮೊದಲ ನೀವೊಬ್ಬರ ಒಳಗ ಬರ್ರಿ.”

ಅವನ ಎದುರಿಗೇ ನಿಜ ಹೇಳಿದ ಹೆಣ್ಣು ರಾತ್ರಿ ಮನೆಯಲ್ಲಿ ಅದರ ಬೆಲೆ ತೆರುತ್ತಾಳೆ ಎಂದು ವಿವರಿಸಿದರು. ಯಾವ ಪಂಥದ ಒಳ್ಳೆಯ ಚಿಕಿತ್ಸಕರೂ ಈ ವಿಷಯದಲ್ಲಿ ಒಂದೇ ಮಾತಾಡುತ್ತಾರೆ, ಮೊದಲು ಒಬ್ಬೊಬ್ಬರನ್ನೇ ಕೇಳು, ಭಯವಿದ್ದಲ್ಲಿ ಜೋಡಿಯಾಗಿ ಕೂರಿಸಬೇಡ ಎಂದು. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಗೆ ಮರುವರ್ಷ ಬಂದ ನಿಯಮಗಳಲ್ಲೂ, ಸಮಾಲೋಚನೆಯಲ್ಲಿ ಹಿಂಸೆಗೆ ಸಮರ್ಥನೆ ಕೊಡಲು ಗಂಡಿಗೆ ಅವಕಾಶವಿಲ್ಲ ಎಂದಿದೆ. ಹೊಂದಿಕೊಂಡು ಹೋಗು ಎಂದು ಕಟ್ಟೆಯ ಮೇಲೆ ಹೇಳಿದ್ದು ಸಾಕು. ಅವರು ಆ ಸಾಲಿನ ಪಕ್ಕ 181 ಎಂಬ ಸಹಾಯವಾಣಿಯ ಸಂಖ್ಯೆ ಸೇರಿಸಿ, ಹಾಳೆಯ ನಾಲ್ಕು ಮೂಲೆಗೆ ಅಂಟು ಹಚ್ಚಿ, ಬೆಂಚಿನ ಎದುರು, ಕೂತವರ ಕಣ್ಣಿನ ಮಟ್ಟಕ್ಕೆ ಅಂಟಿಸಿದರು. ಓದಲು ಬಾರದವರಿಗೆ ತಾವೇ ಓದಿ ಹೇಳುತ್ತೇನೆ ಎಂದರು.